ಗೋಡೆಗೆ ಮೆತ್ತಿದ ಕರ್ಲು

ಚಳ್ಳಕೆರೆ ಸುತ್ತಿನ ಮಣ್ಣಿನ ಮನೆಗಳಿಗೆ ಗಿಲಾವು ಮಾಡುವುದು ನನ್ನ ಕಸುಬಾಗಿತ್ತು. ಕಲಿಸಿದವನು ಅಜ್ಜ. ಹೊಟ್ಟು ಬೆರೆಸಿ ತುಳಿದ ಮಣ್ಣು ಕೊಳೆತು ವಾಸನೆ ಬರುವತನಕ ಅವನು ನನ್ನನ್ನು ಗೋಡೆಯ ಹತ್ತಿರ ಬಿಡುತ್ತಿರಲಿಲ್ಲ. ಅಜ್ಜ ಹೋದ ಮೇಲೆ ಒಬ್ಬನೇ ಒಪ್ಪಿಕೊಂಡ ಮೊದಲ ಕೆಲಸಗಳಲ್ಲೊಂದು ಮೊಳಕಾಲ್ಮುರಿನ ಒಂದು ನೇಕಾರರ ಮನೆಯದು. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ.

ಆ ಮನೆಯ ಯಜಮಾನಿಗೆ ಐವತ್ತು ದಾಟಿತ್ತು. ನನ್ನ ಹತ್ತಿರ ಕನ್ನಡ, ಪಕ್ಕದ ಮನೆಯವರ ಹತ್ತಿರ ತೆಲುಗು. ಎರಡರಲ್ಲೂ ಒಂದೇ ಬಿರುಸು. ಮಗಳ ಧಾರೆ ಸೀರೆಯನ್ನು ತಾವೇ ನೇಯುತ್ತಿದ್ದರು. ಮದುವೆಗೆ ತಿಂಗಳು ಉಳಿದಿತ್ತು. ಮಗ್ಗದಲ್ಲಿ ಕೂತರೆ ಅವರ ಬಲಗೈಗೆ ಬರುವ ಗೋಡೆ ಉದುರಿ, ರೇಷ್ಮೆಯ ಮೇಲೆ ಧೂಳು ಬೀಳುತ್ತಿತ್ತು. ನೆಲದಲ್ಲಿ ಹೂತ ಕುಣಿಮಗ್ಗ ಅದು, ಹಾಸಿನ ಉದ್ದೆಳೆಗಳನ್ನು ಏರಿಸಿದ ಮೇಲೆ ಕದಲಿಸುವಂತಿಲ್ಲ. ಹೊಸ ಹಾಸು ಹಾಕಿ ಇನ್ನೊಂದು ಸೀರೆ ನೇಯಲು ದಿನಗಳೂ ಇಲ್ಲ. ಆ ಒಂದು ಸೀರೆ ಕೆಡಬಾರದು, ಅಷ್ಟೇ ಅವರ ಷರತ್ತು.

ಗೋಡೆಯ ಆಚೆ ಪಕ್ಕದ ಮನೆಯ ಬಚ್ಚಲಿತ್ತು. ಬುಡದಲ್ಲಿ ತೇವ. ನನಗೊಂದು ಉಪಾಯ ಹೊಳೆಯಿತು. ನಮ್ಮ ಕಡೆ ಮಾಳಿಗೆಯ ಮೇಲೆ ಕರ್ಲು ಎಂಬ ಉಪ್ಪುಮಣ್ಣು ಹರವುತ್ತಾರೆ, ಮಳೆನೀರು ಒಳಗಿಳಿಯುವುದಿಲ್ಲ. ಮೇಲೆ ತಡೆಯುವುದು ಪಕ್ಕದಲ್ಲಿ ತಡೆಯದೇ ಎಂದು ಎರಡು ಬುಟ್ಟಿ ಕರ್ಲು ಕಲಸಿ ಮೆತ್ತಿದೆ. ಗೋಡೆ ಕನ್ನಡಿಯ ಹಾಗೆ ನುಣುಪಾಗಿ ಬಂತು. ಅಜ್ಜ ಇದ್ದಿದ್ದರೆ ನೋಡಬೇಕಿತ್ತು ಅನ್ನಿಸಿತು. ಅವನಿಲ್ಲದ್ದೇ ಒಳ್ಳೆಯದಾಯಿತೆಂದು ತಿಳಿದದ್ದು ಎಂಟು ದಿನದ ಮೇಲೆ, ಯಜಮಾನಿ ಹೇಳಿಕಳಿಸಿದಾಗ.

ಗೋಡೆ ತುಂಬ ಬಿಳಿ ಹೂವಿನಂತೆ ಏನೋ ಅರಳಿತ್ತು. ಅವರು ಬೆರಳಿಂದ ಒರೆಸಿ ನಾಲಿಗೆಗೆ ಮುಟ್ಟಿಸಿಕೊಂಡರು, ನನಗೂ ಹಾಗೇ ಮಾಡಲು ಹೇಳಿದರು.

"ಉಪ್ಪು," ಅಂದೆ.

"ಏನ್ ಕಲ್ಸಿದ್ದೆ?"

"ಕರ್ಲು, ಅವ್ವ. ನೀರು ತಡೀಲಿ ಅಂತ."

"ನಮ್ಮನೆ ಒಳಗೂ ಮಳೆ ಬರ್ತೈತೇನಪ್ಪ?"

ನಾನು ಗೋಡೆಯ ಬುಡ ಮುಟ್ಟಿ ನೋಡಿದೆ. ಬಚ್ಚಲ ತೇವ ಕರ್ಲಿನ ಉಪ್ಪನ್ನು ಹೊರಗೆಳೆದಿತ್ತು. ಅವರು ನೇಯ್ದ ಬಟ್ಟೆಯ ಮೇಲಿನ ಮುಸುಕು ಸರಿಸಿ ತೋರಿಸಿದರು. ಅಂಚಿನ ಹತ್ತಿರ, ಬುಟ್ಟ ಎನ್ನುವ ಪುಟ್ಟ ಹೂಗಳಲ್ಲಿ ಒಂದರ ಜರಿ ಉದುರಿದ ಉಪ್ಪು ತಗುಲಿ ಕಪ್ಪಿಟ್ಟಿತ್ತು. ಗೋಡೆ ಹಾಗೇ ಇದ್ದರೆ ಉಳಿದ ಜರಿಯೂ ಅದೇ ದಾರಿ ಹಿಡಿಯುತ್ತಿತ್ತು.

ಕೆರೆದು ತೆಗೆಯಬೇಕು, ಆದರೆ ಒಂದು ಹಿಡಿ ಪುಡಿಯೂ ಹಾರಬಾರದು. ಮಗ್ಗದ ಮೇಲೆ ನೂಲಿನ ಸೀರೆಗಳನ್ನು ನಾಲ್ಕು ಪದರ ಹೊದಿಸಿದೆವು. ಗೋಡೆಗೆ ಒದ್ದೆ ಗೋಣಿ ಒತ್ತಿ, ನೆನೆದಷ್ಟನ್ನೇ ಗೇಣುಗೇಣಾಗಿ ಎಬ್ಬಿಸಿ ಬಾಣಲಿಗೆ ಇಳಿಸಿಕೊಂಡೆ. ಒಂದೇ ದಿನದಲ್ಲಿ ಮೆತ್ತಿದ್ದನ್ನು ತೆಗೆಯಲು ಮೂರು ದಿನ ಬೇಕಾಯಿತು. ಅಷ್ಟೂ ಹೊತ್ತು ಅವರು ಬಾಗಿಲಲ್ಲಿ ಕೂತು ನನ್ನ ಕೈಯನ್ನೇ ಕಾಯುತ್ತಿದ್ದರು. ಬೈಯಲಿಲ್ಲ. ಬೈದಿದ್ದರೆ ಕೆಲಸ ಸಲೀಸಾಗುತ್ತಿತ್ತು. ಆಮೇಲೆ ಅವರೇ ಪಕ್ಕದವರ ಹತ್ತಿರ ತೆಲುಗಿನಲ್ಲಿ ಮಾತಾಡಿ ಬಚ್ಚಲ ನೀರಿನ ದಾರಿ ತಿರುಗಿಸಿದರು. ಗೋಡೆ ಆರಲು ಬಿಟ್ಟು, ಬರಿಯ ಕೆಮ್ಮಣ್ಣನ್ನು ಹೊಟ್ಟಿನೊಂದಿಗೆ ಕೊಳೆಸಿ, ಅಜ್ಜ ಹೇಳಿದಷ್ಟೇ ದಿನ ಕಾದು ಮೆತ್ತಿದೆ.

ಕಪ್ಪಿಟ್ಟ ಬುಟ್ಟದ ಜರಿಯನ್ನು ಅವರು ಸೂಜಿಯಿಂದ ಎಳೆಎಳೆಯಾಗಿ ಬಿಡಿಸಿದರು. ಖಾಲಿಯಾದ ಜಾಗದಲ್ಲಿ ಸಡಿಲಾದ ರೇಷ್ಮೆಯನ್ನು ಉಗುರಿಂದ ಕೂಡಿಸಿ, ನನ್ನ ಕಡೆ ನೋಡದೆ ಅಂದರು: "ನಾನು ನೇಯ್ದಿರೋದು ನೂರಾರು ಬುಟ್ಟ. ಈ ಖಾಲಿದು ನಿಂದು."

ಸೀರೆ ಮದುವೆಗೆ ಮೂರು ದಿನ ಮುಂಚೆ ಮಗ್ಗದಿಂದ ಇಳಿಯಿತು. ನನ್ನನ್ನೂ ಕರೆದಿದ್ದರು. ಧಾರೆಯ ಹೊತ್ತಿಗೆ ಮಗಳು ಅದನ್ನುಟ್ಟು ನಿಂತಾಗ, ಎಲ್ಲರೂ ಅಕ್ಷತೆ ಹಾಕುತ್ತಿದ್ದರೆ ನಾನು ನನ್ನ ಪಾಲಿನ ಬುಟ್ಟವನ್ನು ಹುಡುಕುತ್ತಿದ್ದೆ. ಯಾವ ನೆರಿಗೆಯೊಳಗೆ ಸೇರಿತ್ತೋ, ಸಿಗಲಿಲ್ಲ.