ಹಕ್ಕಿ ಉಗುಳಿದ ಟೋಪಿ

ಸಿಡ್ನಿಯಲ್ಲಿ ನನ್ನ ಮೊಮ್ಮಗಳ ಸೀಮಂತ ಕೆಟ್ಟದ್ದು ನಮ್ಮ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದವಳಿಂದಲ್ಲ. ಕೆಡಿಸಿದ್ದು ನಾನು. ಬೇಕೆಂದೇ ಕೆಡಿಸಿದೆ. ಮೆಲ್ಬರ್ನಿನ ನಮ್ಮ ಜನ ಈಗಲೂ ಅವಳನ್ನೇ ಆಡಿಕೊಳ್ಳುವುದರಿಂದ ಇದನ್ನು ಮೊದಲೇ ಬರೆದುಬಿಡುತ್ತೇನೆ.

ಮೊನ್ನೆ ಆ ರೂಮಿನವಳ ಗಂಡ ಹೋಬಾರ್ಟಿನಿಂದ ಫೋನು ಮಾಡಿದ. ಕಾಯಿಲೆಯಾಗಿತ್ತಂತೆ, ಹೋದ ತಿಂಗಳೇ ತೀರಿಹೋದಳಂತೆ. ಅಳುವುದು ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಫೋನಿಟ್ಟು ಲಾಂಡ್ರಿ ರೂಮಿಗೆ ಹೋಗಿ ಕಪಾಟು ತೆರೆದೆ. ಪ್ಲಾಸ್ಟಿಕ್ ಚೀಲದಲ್ಲಿ ಅವಳ ಬೂದು ಬಣ್ಣದ ಉಣ್ಣೆ ಟೋಪಿ ಹಾಗೇ ಇತ್ತು. ಗಂಟು ಬಿಚ್ಚಿದ್ದೇ ತಡ, ಆ ವಾಸನೆ ಮುಖಕ್ಕೆ ಹೊಡೆಯಿತು. ಕೆಟ್ಟ ಮೀನೆಣ್ಣೆಯನ್ನು ಬಿಸಿಲಿಗಿಟ್ಟು ಮರೆತ ಹಾಗೆ. ಎಷ್ಟು ಒಗೆದರೂ ಹೋಗದ ವಾಸನೆ ಅದು. ಸೊಸೆಗೆ ವಾಕರಿಕೆ ಬರುತ್ತಿತ್ತು. ನಾನು ಗಂಗೊಳ್ಳಿಯಲ್ಲಿ ಒಣಮೀನು ಮಾರುವವಳ ಹೊಟ್ಟೆಯಲ್ಲಿ ಹುಟ್ಟಿದವಳು. ನನಗೆ ಅದು ಒಂದು ವಾಸನೆ, ಅಷ್ಟೆ.

ಮೆಲ್ಬರ್ನಿನ ಕ್ಲೇಟನ್ನಿನಲ್ಲಿ ನಮ್ಮ ಮನೆಯ ಹಿಂದೊಂದು ರೂಮಿದೆ. ಮಗ ಅದನ್ನು ಯೂನಿವರ್ಸಿಟಿಯವರಿಗೆ ಬಾಡಿಗೆಗೆ ಕೊಡುತ್ತಿದ್ದ. ಅವಳು ಬಂದಾಗ ಮೂವತ್ತು ದಾಟಿತ್ತು. ಹೊಸಪೇಟೆಯ ಕಡೆಯವಳು, ಮದುವೆಯಾಗಿತ್ತು, ಗಂಡನಿಗೆ ಹೋಬಾರ್ಟಿನಲ್ಲಿ ಕೆಲಸ. ಪಿಎಚ್‌ಡಿ ಓದಿಗಾಗಿ ವರ್ಷಾ ವರ್ಷಾ ಹಡಗು ಹತ್ತಿ ಅಂಟಾರ್ಕ್ಟಿಕಾಕ್ಕೆ ಹೋಗುತ್ತಿದ್ದಳು. ಅಲ್ಲಿ ಬಂಡೆಯ ಸಂದಿಯಲ್ಲಿ ಪಾರಿವಾಳದಷ್ಟೇ ಇರುವ, ಹಾಲಿನಂಥ ಬಿಳಿ ಹಕ್ಕಿ ಗೂಡು ಮಾಡುತ್ತದೆ. ಸ್ನೋ ಪೆಟ್ರೆಲ್ ಎಂದು ಹೆಸರಂತೆ. ಹತ್ತಿರ ಹೋದವರ ಮೇಲೆ ಅದು ಹೊಟ್ಟೆಯೊಳಗಿನ ಎಣ್ಣೆಯನ್ನು ಪಿಚಕ್ಕೆಂದು ಉಗುಳುತ್ತದೆ. ಉಗುಳಿಸಿಕೊಂಡು, ಅದನ್ನೇ ಸೀಸೆಯಲ್ಲಿ ಹಿಡಿದು ತರುವುದು ಅವಳ ಕೆಲಸ.

"ಹಕ್ಕಿ ವಾಂತಿ ನೋಡೋದಕ್ಕೆ ಸಂಬಳ ಕೊಡ್ತಾರಾ ಮಾರಾಯ್ತಿ?" ಎಂದು ಕೇಳಿದ್ದೆ.

"ಕೊಡ್ತಾರಜ್ಜಿ, ಆದ್ರೆ ರೆಂಟ್‌ಗೆ ಸಾಕಾಗಲ್ಲ" ಎಂದು ನಕ್ಕಿದ್ದಳು.

ಸಂಜೆ ನಾನು ಮೀನು ಕೊಯ್ಯುವಾಗ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು. ಮೀನಿನ ಹೊಟ್ಟೆಯಲ್ಲಿ ಏನಿದೆ ಎಂದು ಇಣುಕುವ ಚಾಳಿ ಅವಳಿಗೆ. ಅವಳು ಹೇಳಿದ್ದರಲ್ಲಿ ನನ್ನ ತಲೆಗೆ ಹೋದದ್ದು ಇಷ್ಟು. ಆ ಹಕ್ಕಿ ತಿನ್ನುವುದು ಮೀನು, ಮತ್ತೆ ಕ್ರಿಲ್ ಎಂಬ ಸಣ್ಣ ಸಿಗಡಿಯಂಥದ್ದು. ಕೊಬ್ಬಿರುವ ಮೀನು ಸಿಕ್ಕರೆ ಮರಿ ಗಟ್ಟಿಯಾಗುತ್ತದೆ. ಸಮುದ್ರದ ಮೇಲಿನ ಮಂಜುಗಡ್ಡೆ ಹೆಚ್ಚುಕಡಿಮೆಯಾಗಿ ಮೇವು ಸಿಗದ ವರ್ಷ ಎಷ್ಟೋ ಹಕ್ಕಿಗಳು ಮೊಟ್ಟೆಯನ್ನೇ ಇಡುವುದಿಲ್ಲ. ಇಡುವುದು ಒಂದೇ ಮೊಟ್ಟೆ, ಅದಕ್ಕೆ ಗಂಡೂ ಹೆಣ್ಣೂ ಸರದಿಯ ಮೇಲೆ ಕಾವು ಕೊಡುತ್ತವೆ. ಒಂದು ಕೂತರೆ ಇನ್ನೊಂದು ಸಮುದ್ರಕ್ಕೆ. ಹೋದದ್ದಕ್ಕೆ ಹೊಟ್ಟೆ ತುಂಬದೆ ಬರುವುದು ತಡವಾದರೆ, ಕೂತದ್ದು ಹಸಿವು ತಾಳದೆ ಎದ್ದು ಹೋಗುತ್ತದೆ. ಮೊಟ್ಟೆ ತಣ್ಣಗಾಗುತ್ತದೆ.

"ಹಾಗಾದ್ರೆ ಮೊಟ್ಟೆ ಇಡದ ಹಕ್ಕಿ ಬಂಜೆಯಲ್ಲ?"

"ಛೆ, ಅಲ್ಲಜ್ಜಿ. ಈ ವರ್ಷ ತಾನು ಬದುಕ್ಕೊಂಡ್ರೆ ಸಾಕು ಅನ್ನೋ ಲೆಕ್ಕ ಅದಕ್ಕೆ. ಹಂಗಂತ ಗೂಡೇನು ಬಿಡಲ್ಲ, ಮುಂದಿನ ವರ್ಷ ಅದೇ ಗೂಡಿಗೆ ಬರ್ತದೆ."

ಅವಳಿಗೆ ಮಕ್ಕಳು ಬೇಡವಾಗಿತ್ತೋ, ಆಗಲಿಲ್ಲವೋ... ನಾನು ಕೇಳಲಿಲ್ಲ. ಕೇಳಲು ನಾನ್ಯಾರು?

ಆಮೇಲೆ ಮೊಮ್ಮಗಳ ಸೀಮಂತ ಬಂತು. ಸಿಡ್ನಿಯಲ್ಲಿ, ಅವಳ ಗಂಡನ ಮನೆಯಲ್ಲಿ. ಮೊಮ್ಮಗಳು ಓದುವಾಗ ಅರ್ಧ ದಿನವೆಲ್ಲ ಹಿಂದಿನ ರೂಮಿನಲ್ಲೇ ಬಿದ್ದಿರುತ್ತಿದ್ದಳು. "ಅಕ್ಕ ಬರ್ಲೇಬೇಕು" ಎಂದು ಹಟ ಹಿಡಿದಳು. ಮಗನಿಗೂ ದೂರದ ದಾರಿಗೆ ಕಾರು ಬಿಡಲು ಇನ್ನೊಬ್ಬರು ಬೇಕಿತ್ತು. ಹೀಗೆ ಅವಳೂ ಬಂದಳು. ಡ್ಯಾಂಡೆನಾಂಗಿನ ಇಂಡಿಯನ್ ಅಂಗಡಿಯಲ್ಲಿ ಹಸಿರು ಗಾಜಿನ ಬಳೆ ಆರಿಸಿ ತಂದು, ಒಡೆಯದ ಹಾಗೆ ಇದೇ ಟೋಪಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಳು. ದಾರಿಯುದ್ದಕ್ಕೂ ಸೊಸೆ ಕಿಟಕಿ ಇಳಿಸಿಯೇ ಕೂತಳು.

ಬೀಗಿತ್ತಿ, ಎಂದರೆ ಮೊಮ್ಮಗಳ ಅತ್ತೆ, ಮೈಸೂರಿನವರು. ಮಾತು ಬಲು ಮೆದು. ಮನೆ ತುಂಬ ಹೆಂಗಸರು. ಒಬ್ಬೊಬ್ಬರೇ ಎದ್ದು ಮೊಮ್ಮಗಳಿಗೆ ಅರಿಶಿನ ಕುಂಕುಮ ಹಚ್ಚಿ, ಬಳೆ ತೊಡಿಸಿ, ಮಡಿಲು ತುಂಬುತ್ತಿದ್ದರು. ನಮ್ಮವಳು ಬಳೆಯನ್ನು ತಟ್ಟೆಯಲ್ಲಿಟ್ಟುಕೊಂಡು ಎದ್ದಳು. ಬೀಗಿತ್ತಿ ನಗುನಗುತ್ತಲೇ ತಟ್ಟೆಗೆ ಕೈ ಹಾಕಿದರು.

"ನೀವು ಕೂತ್ಕೊಳಿಮ್ಮಾ. ಮಕ್ಕಳೊಂದಿಗರು ಮುಗಿಸ್ಲಿ. ಬಳೆ ನಾನೇ ಕೊಡ್ತೀನಿ."

ಅವಳು ತಟ್ಟೆ ಬಿಟ್ಟು ಸುಮ್ಮನೆ ಕೂತಳು. ಅಷ್ಟಕ್ಕೇ ನಿಂತಿದ್ದರೆ ನಾನೂ ಸುಮ್ಮನಿರುತ್ತಿದ್ದೆನೋ ಏನೋ. ಪಕ್ಕದಲ್ಲಿದ್ದ ಆಂಟಿಯೊಬ್ಬಳು ಶುರು ಮಾಡಿದಳು. "ಆ ಐಸ್‌ಗೆ ಹೋಗೋದು ಬಿಡಿ ಮೊದ್ಲು. ಥಂಡಿ ಗರ್ಭಕ್ಕೆ ಒಳ್ಳೇದಲ್ಲ. ರಾತ್ರಿ ಹಾಲಿಗೆ ಬಾದಾಮಿ ಅರ್ದು ಹಾಕ್ಕೊಳಿ. ಎಳ್ಳು ತಿನ್ನಿ. ನನ್ನ ತಂಗಿಗೆ ಆಗ್ಲಿಲ್ವಾ!" ಇನ್ನೊಬ್ಬಳು ಪಪ್ಪಾಯಿ ಎಂದಳು, ಮತ್ತೊಬ್ಬಳು ನಾನ್‌ವೆಜ್ಜೇ ಕಾರಣ ಎಂದಳು. ಎಲ್ಲರೂ ಅವಳ ಹೊಟ್ಟೆಯನ್ನೇ ನೋಡುತ್ತಿದ್ದರು. ಅವಳು ತೊಡೆಯ ಮೇಲಿನ ಟೋಪಿಯನ್ನು ಹಿಂಡುತ್ತಿದ್ದಳು.

ನಾನು ಎದ್ದೆ. ಬೀಗಿತ್ತಿಯ ಕೈಯಿಂದ ತಟ್ಟೆ ಕಿತ್ತುಕೊಂಡೆ.

"ಇವಳು ಎಂತ ತಿಂದ್ಳು ಅಂತ ಎಲ್ಲರೂ ಕೇಳ್ತೀರಿ. ಗಂಡ ಎಂತ ತಿಂದ ಅಂತ ಒಬ್ಬರಾದ್ರೂ ಕೇಳಿದ್ರಾ? ಗಂಡಿಗೆ ಮೇವು ಸಿಗದಿದ್ರೂ ಮೊಟ್ಟೆ ತಣ್ಣಗಾಗ್ತದೆ. ಕೇಳಿ ಇವಳನ್ನೇ, ಓದಿದ್ದಾಳೆ."

"ಅಮ್ಮ!" ಎಂದ ಮಗ, ಗಂಡಸರು ಕೂತಿದ್ದ ಕಡೆಯಿಂದ.

"ನೀನು ಸುಮ್ನಿರು. ಇದು ಹೆಂಗಸರ ಮಾತು."

ತಟ್ಟೆಯನ್ನು ಅವಳ ಕೈಗಿಟ್ಟು, ರಟ್ಟೆ ಹಿಡಿದು ಎಬ್ಬಿಸಿದೆ. ಮೊಮ್ಮಗಳು ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಎರಡೂ ಕೈ ಮುಂದೆ ಚಾಚಿದಳು. "ಅಕ್ಕನೇ ಹಾಕ್ಲಿ, ಪ್ಲೀಸ್." ಅವಳು ಬಳೆ ತೊಡಿಸಿದಳು. ಬಳೆಗೂ ಟೋಪಿಯ ವಾಸನೆ ಹತ್ತಿತ್ತು. ಮೊಮ್ಮಗಳು ಮೂಗು ಸಿಂಡರಿಸಿ ನಕ್ಕುಬಿಟ್ಟಳು. ಬೀಗಿತ್ತಿ ಒಳಗೆ ಹೋದವರು ಆರತಿಗೆ ಹೊರಗೆ ಬರಲಿಲ್ಲ.

ವಾಪಸು ಬರುವ ದಾರಿಯಲ್ಲಿ ಪೆಟ್ರೋಲಿಗೆ ನಿಲ್ಲಿಸಿದಾಗ ಅವಳು ನನ್ನ ಮೇಲೆ ಸಿಡಿದಳು.

"ನಾನು ಕೇಳಿದ್ನಾ ಅಜ್ಜಿ? ನಂಗೆ ಆ ತಟ್ಟೆ ಬೇಕಿರ್ಲಿಲ್ಲ. ಸುಮ್ನೆ ಕೂತಿದ್ದೆ. ನೀವು ನನ್ನ ಎಲ್ರ ಮುಂದೆ ನಿಲ್ಲಿಸಿದ್ರಿ."

"ನಿನಗೆ ಬೇಕಿತ್ತು ಅಂತ ಯಾರು ಹೇಳಿದ್ದು? ನನಗೆ ಬೇಕಿತ್ತು."

ದುರುಗುಟ್ಟಿ ನೋಡಿದಳು. "ಗಂಡು ಹಕ್ಕಿ ವಿಷ್ಯ ಮಾತ್ರ ಕರೆಕ್ಟಾಗಿ ಹೇಳಿದ್ರಿ" ಎಂದು ಕಾರು ಹತ್ತಿದಳು.

ಮರಿಮಗಳ ನಾಮಕರಣಕ್ಕೆ ನನಗೆ ಕರೆ ಬರಲಿಲ್ಲ. ಫೋಟೋದಲ್ಲಿ ನೋಡಿದೆ. ಮಗ ಬಹಳ ದಿನ ನನ್ನ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಮತ್ತೆ ಆ ದಿನ ಬಂದರೂ ನಾನು ತಟ್ಟೆ ಕಿತ್ತುಕೊಳ್ಳುವವಳೇ.

ಓದು ಮುಗಿಸಿ ಅವಳು ಹೋಬಾರ್ಟಿಗೆ ಹೋದಳು. ಟೋಪಿ ಮಾತ್ರ ಇಲ್ಲೇ ಇಟ್ಟಳು. "ಗೂಡು ಬಿಟ್ಟಿಲ್ಲ ಅನ್ನೋದಕ್ಕೆ ಗುರುತು" ಎಂದಿದ್ದಳು. ಒಂದೆರಡು ಸಲ ಬಂದೂ ಹೋದಳು. ಆಮೇಲೆ ಬರೀ ಫೋನು... ಆಮೇಲೆ ಅದೂ ಇಲ್ಲ. ಇನ್ನು ಬರುವುದಿಲ್ಲ.

ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಸೊಸೆಗೆ ಹೇಳಿದೆ. "ಅಯ್ಯೋ ಪಾಪ" ಎಂದಳು. ನಿಜವಾಗಿಯೇ ಮರುಗಿದಳು, ಇಲ್ಲವೆನ್ನುವುದಿಲ್ಲ. ಆಮೇಲೆ, "ಮಕ್ಕಳಿದ್ದಿದ್ರೆ ಎಡೆನಾದ್ರೂ ಇಡ್ತಿದ್ರು, ಅಲ್ವಾ ಅತ್ತೆ?" ಎಂದಳು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಸ್ಪ್ರಿಂಗ್‌ವೇಲ್ ಮಾರ್ಕೆಟ್ಟಿನಿಂದ ತಂದು ಫ್ರಿಜ್ಜಿನಲ್ಲಿಟ್ಟಿದ್ದ ಬೂತಾಯಿ ಮೀನನ್ನು ಡಬ್ಬಿಗೆ ಹಾಕಿಕೊಂಡೆ. ಕೊಬ್ಬಿರುವ ಮೀನು. ಟೋಪಿ ತಲೆಗೆ ಹಾಕಿಕೊಂಡು ಕಡಲ ದಂಡೆಯ ಮೊರ್ಡಿಯಾಲಕ್‌ಗೆ ಹೋಗುವ ಬಸ್ಸು ಹತ್ತಿದೆ. ಪಕ್ಕದ ಸೀಟಿನವಳು ಎದ್ದು ಹಿಂದಕ್ಕೆ ಹೋದಳು. ನಾನು ಇನ್ನೂ ಅಗಲವಾಗಿ ಕೂತೆ. ಸಮುದ್ರದ ದಂಡೆಯಲ್ಲಿ ಕಾಗೆ ಇರಲಿಲ್ಲ, ಕಡಲಹಕ್ಕಿಗಳಿದ್ದವು. ಒಂದು ಕಾಗದದ ಪ್ಲೇಟಿನಲ್ಲಿ ಮೀನಿಟ್ಟು, ಅವಳ ಹೆಸರು ಹೇಳಿ ನೀರು ಬಿಟ್ಟೆ. ಹಕ್ಕಿಗಳು ಕಿರುಚಿಕೊಂಡು ಮೇಲೆ ಬಿದ್ದು ತಿಂದವು.

ನಾಯಿ ಹಿಡಿದುಕೊಂಡು ಬಂದ ಮುದುಕನೊಬ್ಬ ಪಕ್ಕದ ಬೋರ್ಡು ತೋರಿಸಿ ಏನೋ ಹೇಳಿದ. ಹಕ್ಕಿಗೆ ತಿನಿಸು ಹಾಕುವ ಕೈಯ ಚಿತ್ರದ ಮೇಲೆ ಕೆಂಪು ಗೀಟು ಎಳೆದಿತ್ತು. ನನಗೆ ಇಂಗ್ಲಿಷ್ ಬರುವುದಿಲ್ಲ. ತಲೆಯಾಡಿಸಿ, ಡಬ್ಬಿಯಲ್ಲಿ ಉಳಿದಿದ್ದ ಮೀನನ್ನೂ ಹಾಕಿದೆ.