ಈಶಾನ್ಯಕ್ಕೆ ಸರಿದ ತೊಟ್ಟಿ

ಕೊರೊನಾ ಕಾಲದ ಬೀಗಗಳೆಲ್ಲ ತೆರೆದು ಜನ ಮತ್ತೆ ಪೂರ್ತಿ ಮುಖ ತೋರಿಸಿಕೊಂಡು ಓಡಾಡಲು ಶುರುಮಾಡಿದ ವರ್ಷ ಅದು. ನಾನು ಚನ್ನಗಿರಿಯ ಹೊರವಲಯದ ಒಂದು ಖಾಸಗಿ ಫಾರ್ಮಸಿ ಕಾಲೇಜಿನಲ್ಲಿ ಔಷಧಶಾಸ್ತ್ರ ವಿಭಾಗದ ಮುಖ್ಯಸ್ಥನಾಗಿದ್ದೆ. ಹುದ್ದೆಯ ಹೆಸರು ದೊಡ್ಡದು. ನಾನು ಆಳುತ್ತಿದ್ದ ಸಾಮ್ರಾಜ್ಯದಲ್ಲಿ ಇಬ್ಬರು ಉಪನ್ಯಾಸಕರು, ಒಬ್ಬ ಅಟೆಂಡರ್ ಮತ್ತು ಪ್ರಾಣಿಗೃಹದಲ್ಲಿ ಹದಿನೆಂಟು ಬಿಳಿ ಇಲಿಗಳಿದ್ದವು. ಹಾಜರಾತಿಯ ವಿಷಯದಲ್ಲಿ ಇಲಿಗಳೇ ಮೇಲು.

ಆ ಇಲಿಗಳು ಭಾಗ್ಯ ಅವರ ಪಿಎಚ್.ಡಿ.ಗೆ ಸೇರಿದವು. ಭಾಗ್ಯ ನಮ್ಮ ಉಪನ್ಯಾಸಕಿ, ಜಗಳೂರು ತಾಲ್ಲೂಕಿನ ಬಿಳಿಚೋಡಿನವರು. ಒಂದೆಲಗದ ಸಾರ ಕುಂದುತ್ತಿರುವ ನೆನಪಿನ ಶಕ್ತಿಯನ್ನು ಕಾಪಾಡಬಲ್ಲದೇ ಎಂಬುದು ಅವರ ಪ್ರಶ್ನೆ. ವಿಶ್ವವಿದ್ಯಾಲಯ ಕೊನೆಯ ಬಾರಿಗೆ ಗಡುವು ವಿಸ್ತರಿಸಿತ್ತು. ಯುಗಾದಿಯೊಳಗೆ ಪ್ರಬಂಧ ಸಲ್ಲಿಸದಿದ್ದರೆ ನೋಂದಣಿ ರದ್ದು. ನೋಂದಣಿ ರದ್ದಾದರೆ ಕಾಲೇಜಿನ ಕೆಲಸವೂ ಇಲ್ಲ. ಪ್ರಾಣಿ ಪ್ರಯೋಗಕ್ಕೆ ಅನುಮತಿ ಕೊಡುವ ಸಮಿತಿ ಹದಿನೆಂಟು ಇಲಿಗಳಿಗೆ ಒಪ್ಪಿಗೆ ಕೊಟ್ಟಿತ್ತು, ಹತ್ತೊಂಬತ್ತನೆಯದಕ್ಕೆ ಇಲ್ಲ. ಅಂದರೆ ಪ್ರಯೋಗ ಒಂದೇ ಸಲ.

ಪ್ರಯೋಗ ಹೀಗೆ. ಐದಡಿ ಅಗಲದ ದುಂಡು ತೊಟ್ಟಿಯಲ್ಲಿ ಕಪ್ಪು ಬಣ್ಣ ಕದಡಿದ ನೀರು ತುಂಬಿ, ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಅಂಗೈಯಷ್ಟು ಕಟ್ಟೆಯೊಂದನ್ನು ಅಡಗಿಸಿಡುತ್ತೇವೆ. ಇಲಿ ಈಜುತ್ತ ಅದನ್ನು ಹುಡುಕಿ ಹತ್ತಿ ಕೂರಬೇಕು. ಕಟ್ಟೆ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಇಲಿ ಗೋಡೆಯ ಮೇಲಿನ ಗುರುತುಗಳನ್ನು ನೋಡಿ ಜಾಗವನ್ನು ನೆನಪಿಟ್ಟುಕೊಳ್ಳುತ್ತದೆ. ನಾವು ಬಸ್ ಸ್ಟ್ಯಾಂಡ್ ಪಕ್ಕದ ಬೇಕರಿ ನೋಡಿ ನೆಂಟರ ಮನೆಯ ಓಣಿ ಹಿಡಿಯುವ ಹಾಗೆ. ಕೆಲವು ದಿನ ತರಬೇತಿ ಕೊಟ್ಟ ಮೇಲೆ, ಗೊತ್ತುಮಾಡಿದ ದಿನ ಕಟ್ಟೆಯನ್ನು ತೆಗೆದುಬಿಡುತ್ತೇವೆ. ಮೊದಲು ಕಟ್ಟೆಯಿದ್ದ ಭಾಗದಲ್ಲಿ ಇಲಿ ಎಷ್ಟು ಹೊತ್ತು ಹುಡುಕುತ್ತದೋ ಅಷ್ಟು ಅದರ ನೆನಪು ಗಟ್ಟಿ.

ಇದನ್ನೆಲ್ಲ ಅಳೆಯುವುದು ವಿಡಿಯೊ ಟ್ರ್ಯಾಕಿಂಗ್ ಸಾಫ್ಟ್‌ವೇರ್. ತೊಟ್ಟಿಯ ಮೇಲೆ ಚಾವಣಿಗೆ ಕ್ಯಾಮೆರಾ. ಕಪ್ಪು ನೀರಿನಲ್ಲಿ ಚಲಿಸುವ ಬಿಳಿ ಚುಕ್ಕೆಯನ್ನು ಅದು ಹಿಂಬಾಲಿಸಿ ಪರದೆಯ ಮೇಲೆ ಗೆರೆ ಎಳೆಯುತ್ತ ಹೋಗುತ್ತದೆ. ತೊಟ್ಟಿಯನ್ನು ನಾಲ್ಕು ಭಾಗ ಮಾಡಿ, ಕಟ್ಟೆಯಿದ್ದ ಭಾಗಕ್ಕೆ ಗುರಿ ಎಂದು ಗುರುತು ಹಾಕಿದರೆ, ಅಲ್ಲಿ ಕಳೆದ ಹೊತ್ತನ್ನು ತಾನೇ ಲೆಕ್ಕ ಹಾಕುತ್ತದೆ. ಅದಕ್ಕೆ ಇಲಿಯೆಂದರೆ ಏನೆಂದು ಗೊತ್ತಿಲ್ಲ. ಬಿಳಿ ಚುಕ್ಕೆ ಗೊತ್ತು. ನಮ್ಮ ಅಟೆಂಡರ್ ಹನುಮಂತಪ್ಪ ಬಕ್ಕತಲೆಯವರು. ಒಮ್ಮೆ ತೊಟ್ಟಿಯ ಮೇಲೆ ಬಗ್ಗಿದಾಗ ಟ್ಯೂಬ್‌ಲೈಟಿನ ಬೆಳಕಿಗೆ ಹೊಳೆದ ಅವರ ತಲೆಯನ್ನೇ ಸಾಫ್ಟ್‌ವೇರ್ ಇಲಿಯೆಂದು ಅಂಗೀಕರಿಸಿ, ಅತ್ಯುತ್ತಮ ಸ್ಮರಣಶಕ್ತಿಯ ಪ್ರಮಾಣಪತ್ರ ನೀಡಿತು.

"ನಮ್ಮ ಮನ್ಯಾಕಿಗೆ ಇದನ್ನೊಂದು ತೋರಿಸ್ಬೇಕು ಸಾರ್. ಸಾಮಾನು ತರಾಕೆ ಕಳಿಸಿದ್ರೆ ಅರ್ಧ ಮರ್ತು ಬರ್ತೀನಿ ಅಂತಾಳೆ" ಎಂದರು ಹನುಮಂತಪ್ಪ.

ಇಲಿಗಳನ್ನು ಮೂರು ಗುಂಪು ಮಾಡಿದ್ದೆವು. ಒಂದು ಗುಂಪು ಆರೋಗ್ಯವಂತರದು. ಇನ್ನೊಂದಕ್ಕೆ ನೆನಪು ಕೆಡಿಸುವ ಔಷಧ. ಮೂರನೆಯದಕ್ಕೆ ಆ ಔಷಧದ ಜೊತೆಗೆ ಒಂದೆಲಗದ ಸಾರ. ತರಬೇತಿ ಆಯುಧಪೂಜೆಯ ಮುಂಚೆ ಚೊಕ್ಕಟವಾಗಿ ಮುಗಿಯಿತು. ಕಟ್ಟೆ ತೆಗೆದು ಮಾಡುವ ಅಂತಿಮ ಪರೀಕ್ಷೆ ರಜೆ ಮುಗಿದ ಮೊದಲ ದಿನ. ಭಾಗ್ಯ ಬಿಳಿಚೋಡಿಗೆ ಹೋದರು, ನಾನು ನ್ಯಾಮತಿಯ ನನ್ನ ಮನೆಗೆ.

ಕಾಲೇಜಿಗೆ ಹಿಂದಿನ ಎರಡು ವರ್ಷ ಹುಡುಗರು ಸರಿಯಾಗಿ ಸೇರಿರಲಿಲ್ಲ. ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಇದರ ಕಾರಣವನ್ನು ಎಲ್ಲ ಕಡೆ ಹುಡುಕಿ, ಪಾಠ ನಡೆಯುವ ಕೋಣೆಗಳನ್ನು ಮಾತ್ರ ಬಿಟ್ಟು, ಕಡೆಗೆ ಹೊನ್ನಾಳಿಯಿಂದ ಒಬ್ಬ ವಾಸ್ತು ಪಂಡಿತರನ್ನು ಕರೆಸಿದ್ದರು. ಪಂಡಿತರು ಆಯುಧಪೂಜೆಯ ದಿನ ಕಟ್ಟಡವನ್ನೆಲ್ಲ ಸುತ್ತಿ ನಮ್ಮ ಪ್ರಯೋಗಾಲಯದ ಬಾಗಿಲಲ್ಲಿ ಬೆಚ್ಚಿಬಿದ್ದು ನಿಂತರಂತೆ. ಆಗ್ನೇಯ ಅಗ್ನಿಯ ಮೂಲೆ. ಅಲ್ಲಿ ತೊಟ್ಟಿ ತುಂಬ ನೀರು. ಅದೂ ಕಪ್ಪು ನೀರು.

ರಜೆ ಮುಗಿಸಿ ನಾವು ಬಂದಾಗ ತೊಟ್ಟಿ ಅದೇ ಕೋಣೆಯ ಈಶಾನ್ಯ ಮೂಲೆಯಲ್ಲಿತ್ತು. ಕೆಳಗೆ ಇಟ್ಟಿಗೆ ಸಿಮೆಂಟಿನ ಪೀಠ, ಅಂಚಿಗೆ ಚೆಂಡುಹೂವಿನ ಹಾರ, ಮೂರು ಬೆರಳಿನ ವಿಭೂತಿ. ಕ್ಯಾಮೆರಾವನ್ನೂ ಎಲೆಕ್ಟ್ರಿಷಿಯನ್ ಬಹಳ ಶ್ರದ್ಧೆಯಿಂದ ಸರಿಯಾಗಿ ತೊಟ್ಟಿಯ ಮೇಲಕ್ಕೇ ಕೂರಿಸಿದ್ದ.

ಭಾಗ್ಯ ಚೀಲ ಇಳಿಸಲೂ ಇಲ್ಲ. "ಹನುಮಂತಪ್ಪ, ಒಂದು ಫೋನ್ ಮಾಡಾಕೆ ಏನಾಗಿತ್ತು?"

"ಹಬ್ಬದ ದಿನ ಕೆಟ್ಟ ಸುದ್ದಿ ಹೇಳಬಾರ್ದಲ್ಲಮ್ಮ. ನೀವು ಹೋಳಿಗೆ ಉಣ್ಣೋ ಹೊತ್ತಿನಾಗೆ ಹೆಂಗೆ ಹೇಳ್ಲಿ? ಬಂದ್ ಮ್ಯಾಲೆ ಗೊತ್ತಾಗೇ ಆಗುತ್ತೆ ಅಂತ ಸುಮ್ನಾದೆ."

ಸಾವಿನ ಸುದ್ದಿಯನ್ನೂ ಊಟ ಮುಗಿಯುವತನಕ ತಡೆಹಿಡಿಯುವ ಜನ ನಾವು.

ಪರೀಕ್ಷೆಯನ್ನು ಮುಂದೂಡುವಂತಿರಲಿಲ್ಲ. ತರಬೇತಿಗೂ ಪರೀಕ್ಷೆಗೂ ನಡುವಿನ ಅಂತರ ಅನುಮತಿ ಪತ್ರದಲ್ಲೇ ಗೊತ್ತುಮಾಡಿದ್ದು. ತೊಟ್ಟಿ ಖಾಲಿ ಮಾಡಿ, ಸರಿಸಿ, ಮತ್ತೆ ತುಂಬಿ ನೀರನ್ನು ಹದಕ್ಕೆ ತರುವಷ್ಟರಲ್ಲಿ ಆ ದಿನ ದಾಟಿಹೋಗುತ್ತಿತ್ತು. ನಮ್ಮ ಕೈಯಲ್ಲಿದ್ದದ್ದು ಇಷ್ಟೇ: ಇಲಿಗಳ ಗುರುತಿಗೆಂದು ಗೋಡೆಗೆ ಅಂಟಿಸಿದ್ದ ತ್ರಿಕೋನ, ನಕ್ಷತ್ರಗಳ ಚಾರ್ಟುಗಳನ್ನೂ ತೊಟ್ಟಿ ಸರಿದಷ್ಟೇ ಸರಿಸಿ, ಮೊದಲಿನಂತೆ ಉತ್ತರದ ಭಾಗವನ್ನೇ ಗುರಿಯೆಂದು ಇಟ್ಟುಕೊಳ್ಳುವುದು. ಇಲಿಗಳು ಚಾರ್ಟು ನೋಡಿ ಕಲಿತಿದ್ದರೆ ಬಚಾವು.

ಆದರೆ ಆ ಕೋಣೆಗೆ ಒಂದು ಕಿಟಕಿಯೂ ಇತ್ತು, ಪೂರ್ವದ ಗೋಡೆಯ ನಟ್ಟನಡುವೆ. ತೊಟ್ಟಿ ಆಗ್ನೇಯದಲ್ಲಿದ್ದಾಗ ಅದು ತೊಟ್ಟಿಯ ಉತ್ತರಕ್ಕಿತ್ತು, ಕಟ್ಟೆ ಇದ್ದ ಕಡೆಗೇ. ಈಗ ತೊಟ್ಟಿ ಕಿಟಕಿಯನ್ನು ದಾಟಿ ಆಚೆಗೆ ಹೋಗಿದ್ದರಿಂದ ಅದೇ ಕಿಟಕಿ ದಕ್ಷಿಣಕ್ಕೆ ಬಂದಿತ್ತು. ಚಾರ್ಟು ಸರಿಸಬಹುದು, ಕಿಟಕಿಯನ್ನು ಹೇಗೆ ಸರಿಸುವುದು? ಭಾಗ್ಯ ಅದನ್ನೊಮ್ಮೆ ನೋಡಿದರು, ನಾನೊಮ್ಮೆ ನೋಡಿದೆ.

ಭಾಗ್ಯ ಮೊದಲ ಇಲಿಯನ್ನು ನೀರಿಗೆ ಬಿಟ್ಟರು. ಆರೋಗ್ಯವಂತ ಗುಂಪಿನದು, ತರಬೇತಿಯಲ್ಲಿ ಎಲ್ಲರಿಗಿಂತ ಚುರುಕು. ಅದು ಒಂದು ಗಳಿಗೆ ಮೂತಿಯೆತ್ತಿ ನೋಡಿ, ಎಳೆದ ದಾರದಂತೆ ನೇರವಾಗಿ ಕಿಟಕಿಯ ಕಡೆಗೆ ಈಜಿತು. ಅಲ್ಲೇ ಸುತ್ತಿತು, ಮತ್ತೆ ಸುತ್ತಿತು. ಕಟ್ಟೆ ಇಲ್ಲೇ ಇರಬೇಕಲ್ಲ ಎಂಬ ನಂಬಿಕೆಯಿಂದ ಸಮಯ ಮುಗಿಯುವವರೆಗೂ ಆ ಜಾಗ ಬಿಡಲಿಲ್ಲ. ಸಾಫ್ಟ್‌ವೇರ್ ಒಂದು ಗೆರೆಯನ್ನೂ ತಪ್ಪದೆ ಬರೆದುಕೊಂಡು, ಗುರಿಯಲ್ಲಿ ಕಳೆದ ಸಮಯ ಸೊನ್ನೆ ಎಂದು ತೀರ್ಪು ಕೊಟ್ಟಿತು.

ಆ ಗುಂಪಿನ ಉಳಿದವೂ ಹಾಗೆಯೇ. ಒಂದೆಲಗ ಕುಡಿದ ಇಲಿಗಳು ಆರೋಗ್ಯವಂತರಂತೆಯೇ ಕಿಟಕಿಗೆ ಹೋದವು. ಅಂದರೆ ಸಾರ ಕೆಲಸ ಮಾಡಿತ್ತು! ನೆನಪು ಕೆಟ್ಟ ಗುಂಪು ಮಾತ್ರ ತೊಟ್ಟಿಯ ತುಂಬ ಅಲೆದಾಡಿ, ಅಲೆಯುವಾಗ ಉತ್ತರಕ್ಕೂ ಹೋಗಿಬಂದು, ಎಲ್ಲರಿಗಿಂತ ಹೆಚ್ಚು ಅಂಕ ಪಡೆಯಿತು. ಚೆನ್ನಾಗಿ ನೆನಪಿಟ್ಟವರು ನಪಾಸು, ಪೂರ್ತಿ ಮರೆತವರು ಪಾಸು. ಇಂಥ ಫಲಿತಾಂಶವನ್ನು ನಾನು ಕಾಲೇಜಿನ ಬಡ್ತಿ ಪಟ್ಟಿಗಳಲ್ಲಿ ಮಾತ್ರ ಕಂಡಿದ್ದೆ.

ಮರುದಿನ ಕಾರ್ಯದರ್ಶಿಗಳೇ ಪ್ರಯೋಗಾಲಯಕ್ಕೆ ದಯಮಾಡಿಸಿದರು. ಪರದೆಯ ಮೇಲಿನ ಗೆರೆಗಳನ್ನು ತೋರಿಸಿ ಆದದ್ದನ್ನು ಹೇಳಿದೆ.

"ಏನ್ ಸಾರ್, ಇಷ್ಟಕ್ಕೆಲ್ಲ ಮುಖ ಸಣ್ಣ ಮಾಡ್ಕೊಂಡ್ರೆ ಹೆಂಗೆ? ಈ ಗುರಿ ಅಂತ ಗೀಟು ಎಳೆದೋರು ಯಾರು? ನೀವೇ ತಾನೆ?"

"ನಾವೇ."

"ಮತ್ತೆ ಅದನ್ನ ಈ ಕಡೆ ಎಳೀರಿ. ಇಲಿ ಎಲ್ಲೈತೋ ಗುರೀನೂ ಅಲ್ಲಿಗೇ ಇಟ್ರೆ ಆತಪ್ಪ!"

ಇಷ್ಟು ಸರಳವಾದ ಸಂಶೋಧನಾ ವಿಧಾನವನ್ನು ನನಗೆ ಯಾವ ಗುರುವೂ ಹೇಳಿಕೊಟ್ಟಿರಲಿಲ್ಲ. ವಿಷಾದವೆಂದರೆ ಅದು ಸಾಧ್ಯವಿತ್ತು. ವಿಡಿಯೊ ಹಾಗೇ ಇರುತ್ತದೆ. ಗುರಿಯ ಗೆರೆಯನ್ನು ಮೌಸ್ ಹಿಡಿದು ಎಲ್ಲಿಗೆ ಬೇಕಾದರೂ ಎಳೆಯಬಹುದು. ಸಾಫ್ಟ್‌ವೇರ್ ಯಾಕೆ ಎಂದು ಕೇಳುವುದಿಲ್ಲ.

ಭಾಗ್ಯ ಹೇಳಿದರು, "ಎಳೀಬಹುದು ಸಾರ್. ಆದ್ರೆ ನಡುವೆ ತೊಟ್ಟಿ ಸರಿಸಿದ್ರು, ಅದಕ್ಕೇ ಗುರಿ ಸರಿಸಿ ಇನ್ನೊಮ್ಮೆ ಲೆಕ್ಕ ಮಾಡಿದೀವಿ ಅಂತ ಥೀಸಿಸ್‌ನಾಗೆ ಬರೀಬೇಕಾಗುತ್ತೆ. ಎರಡೂ ಲೆಕ್ಕ ಕೊಡ್ತೀನಿ. ಒಪ್ಪೋದು ಬಿಡೋದು ಪರೀಕ್ಷಕರಿಗೆ ಬಿಟ್ಟಿದ್ದು."

"ಯಾಕೆ ಸರಿಸಿದ್ರು ಅಂತ ಬರೀತೀಯಮ್ಮ?"

"ಆಡಳಿತ ಮಂಡಳಿ ಹೇಳಿದ್ದಕ್ಕೆ ಅಂತ."

"ಚಲೋ ಐತೆ! ನಮ್ಮ ಮರ್ಯಾದೆ ಹರಾಜು ಹಾಕೋ ಕಾಗದಕ್ಕೆ ನಾವೇ ಸಹಿ ಹಾಕಿ ಕಳಿಸ್ಬೇಕಾ? ಸರಿಸಿದ ವಿಷ್ಯಾನೇ ಬ್ಯಾಡ. ತೊಟ್ಟಿ ಮೊದ್ಲಿಂದ ಅಲ್ಲೇ ಇತ್ತು. ಇಲಿ ಬಂದು ಸಾಕ್ಷಿ ಹೇಳ್ತಾವಾ?"

"ಅವು ಆಗ್ಲೇ ಹೇಳ್ಯಾವೆ ಸಾರ್" ಎಂದು ಭಾಗ್ಯ ಪರದೆಯ ಕಡೆ ಕೈ ತೋರಿಸಿದರು.

ನಾನೂ ಭಾಗ್ಯ ಅವರ ಪರವಾಗಿ ಮಾತಾಡಿದೆ. ನಿವೃತ್ತಿ ಹತ್ತಿರ ಬಂದವನ ಮಾತನ್ನು ಕೇಳುವ ರೀತಿಯಲ್ಲೇ ಕಾರ್ಯದರ್ಶಿಗಳು ಕೇಳಿದರು. ಬಹಳ ಗೌರವದಿಂದ, ಕಾಫಿ ತರಿಸಿಕೊಟ್ಟು.

ಪರೀಕ್ಷೆಯ ನಂತರ ಮೆದುಳಿನ ತಪಾಸಣೆಗಾಗಿ ಇಲಿಗಳನ್ನು ನೋವಿಲ್ಲದಂತೆ ಕೊಲ್ಲುವುದು ನಿಯಮ. ಪ್ರಬಂಧ ಮುಂದೆ ಹೋಗದಿದ್ದರೂ ನಿಯಮ ಮುಂದೆ ಹೋಗಲೇಬೇಕು. ಭಾಗ್ಯ ಒಂದೊಂದನ್ನೂ ತಾವೇ ಕೈಯಲ್ಲಿ ಹಿಡಿದು ಕೆಲಸ ಮುಗಿಸಿದರು. ಆವತ್ತು ಹನುಮಂತಪ್ಪ ಒಂದೂ ತಮಾಷೆ ಮಾಡಲಿಲ್ಲ.

ಪ್ರಬಂಧ ಬೆರಳಚ್ಚಾಗುವಾಗ ಹನುಮಂತಪ್ಪ ಭಾಗ್ಯ ಅವರ ಮೇಜಿನ ಹತ್ತಿರ ಬಂದು ನಿಂತರು. "ಅಮ್ಮಾ, ಒಂದೇ ಸಾಲಂತೆ. ಬಿಟ್ರೆ ಏನಾಗುತ್ತೆ?"

"ಏನೂ ಆಗಲ್ಲ ಹನುಮಂತಪ್ಪ. ಡಾಕ್ಟರ್ ಆಗ್ತೀನಿ."

"ಮತ್ತೆ?"

"ಆಮೇಲೆ ಯಾರೋ ನನ್ನ ಲೆಕ್ಕ ನಂಬಿ ಇದನ್ನೇ ಮುಂದುವರಿಸ್ತಾರೆ. ಅವರಿಗೆ ಯಾರು ಹೇಳ್ತಾರೆ?"

ಆ ಸಾಲು ಉಳಿಯಿತು. ಪ್ರಬಂಧ ಸಹಿಗಾಗಿ ಕಾರ್ಯದರ್ಶಿಗಳ ಕೋಣೆಗೆ ಹೋಯಿತು, ಅಲ್ಲೇ ಉಳಿಯಿತು. ನಾನು ವಿಶ್ವವಿದ್ಯಾಲಯಕ್ಕೆ ಬರೆದೆ. ಸಂಸ್ಥೆಯ ಮೂಲಕವೇ ಸಲ್ಲಿಸತಕ್ಕದ್ದು ಎಂದು ಉತ್ತರ ಬಂತು. ಯುಗಾದಿ ಬಂತು, ಹೋಯಿತು. ಜೂನ್‌ನಲ್ಲಿ ಭಾಗ್ಯ ಅವರ ಕೆಲಸ ಹೋಯಿತು. ಅದೇ ತಿಂಗಳು ನಾನೂ ಶಾಲು ಹೊದೆಸಿಕೊಂಡು, ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದೆ. ಸಾಫ್ಟ್‌ವೇರಿನ ಲೈಸೆನ್ಸನ್ನು ಯಾರೂ ನವೀಕರಿಸಲಿಲ್ಲ. ಕಂಪ್ಯೂಟರ್ ಪ್ರವೇಶಾತಿ ವಿಭಾಗಕ್ಕೆ ಹೋಯಿತು. ಹೋಗುವ ಮುಂಚೆ ಅದರಲ್ಲಿದ್ದ ವಿಡಿಯೊಗಳನ್ನೆಲ್ಲ ಅಳಿಸಿದರು. ಆ ವರ್ಷ ಹುಡುಗರು ಪರವಾಗಿಲ್ಲ ಎನ್ನುವಷ್ಟು ಸೇರಿದರು. ಪಂಡಿತರಿಗೆ ಸನ್ಮಾನವಾಯಿತು.

ಭಾಗ್ಯ ಈಗ ನಮ್ಮ ನ್ಯಾಮತಿಯ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಾರೆ. ಕಳೆದ ವರ್ಷ ಸವಳಂಗದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ನಾನು ಹಿರಿಯನೆಂಬ ಹಕ್ಕಿನಿಂದ, ಒಳ್ಳೆಯ ಕೆಲಸ ಯಾವತ್ತೂ ವ್ಯರ್ಥವಾಗುವುದಿಲ್ಲ ಎಂದು ಉಪದೇಶಕ್ಕೆ ತೊಡಗಿದೆ.

"ಬ್ಯಾಡ ಸಾರ್" ಎಂದು ನಕ್ಕರು. "ವ್ಯರ್ಥ ಆಗೈತೆ. ಅದನ್ನಾದ್ರೂ ಇದ್ದಂಗೆ ಹೇಳಾಣ."

ಬಸ್ ಬಂತು, ಹತ್ತಿ ಹೋದರು.

ಈ ವೃತ್ತಿಯಲ್ಲಿ ಪ್ರಾಣಿಯನ್ನು ಅನುಮಾನಿಸಲು ಕಲಿಸುತ್ತಾರೆ, ಯಂತ್ರವನ್ನು ಅನುಮಾನಿಸಲು ಕಲಿಸುತ್ತಾರೆ. ಇವೆರಡೂ ಸುಳ್ಳು ಹೇಳಿದ್ದನ್ನು ನಾನು ಅಷ್ಟಾಗಿ ಕಂಡಿಲ್ಲ. ಕಿರಿಯರು ಯಾರಾದರೂ ಬಂದು ಸಲಹೆ ಕೇಳಿದರೆ ಈಗ ಹೇಳುವುದು ಇಷ್ಟೇ: ತೊಟ್ಟಿ ಸರಿದಿದ್ದರೆ ಸರಿಯಿತು ಎಂದು ಬರೆಯಿರಿ. ಬರೆದರೆ ಒಳ್ಳೆಯದಾಗುತ್ತದೆ ಎಂದು ನಂಬಿ ಬರೆಯಬೇಡಿ. ಆಗುವುದಿಲ್ಲ. ತೊಟ್ಟಿ ಸರಿದಿತ್ತು, ಅದಕ್ಕೆ ಬರೆಯಿರಿ.