ಗೆದ್ದ ಸಂದೇಶ

ದರ್ಜಿಯ ಮಗಳು ಮೊದಲ ಸಲ ಸೈಬರ್ ಭದ್ರತೆಯ ಸ್ಪರ್ಧೆಗೆ ಹೋದವಳು ಗೆದ್ದೇಬಿಟ್ಟಳು. ಕಳ್ಳರನ್ನು ತಡೆಯಬೇಕಾದರೆ ಮೊದಲು ಅವರಂತೆ ಯೋಚಿಸಬೇಕಂತೆ. ಹಾಗಾಗಿ, ಯಾರೇ ಓದಿದರೂ ಲಿಂಕ್ ಒತ್ತಿಬಿಡುವಂಥ ಒಂದು ಮೋಸದ ಸಂದೇಶ ಬರೆಯಿರಿ ಎಂದಿದ್ದರು. ಉಳಿದವರು ಲಾಟರಿ, ಬ್ಯಾಂಕು ಎಂದು ತಲೆ ಕೆರೆದುಕೊಳ್ಳುತ್ತಿದ್ದರೆ, ಇವಳಿಗೆ ಹೋದ ವರ್ಷ ಅಪ್ಪನ ಫೋನಿಗೆ ಬಂದಿದ್ದು ನೆನಪಾಯಿತು. ಅದನ್ನೇ ಒಂಚೂರು ತಿದ್ದಿ ಬರೆದಳು: ‘ನಿಮ್ಮ ಮಗಳಿಗೆ ಅಪಘಾತವಾಗಿದೆ. ಯಾವ ಆಸ್ಪತ್ರೆ ಎಂದು ತಿಳಿಯಲು ಇಲ್ಲಿ ಒತ್ತಿ.’

ಅಪ್ಪ ಅದನ್ನು ಒತ್ತಿದ್ದ; ಕೂಡಿಟ್ಟಿದ್ದೆಲ್ಲ ಗುಳುಂ ಆಗಿತ್ತು. ಅವತ್ತು ಅಂಗಡಿಯಲ್ಲಿ, ಗಿರಾಕಿಗಳ ಎದುರಿಗೇ, ಇವಳ ಎಲುಬಿಲ್ಲದ ನಾಲಿಗೆ ಸುಮ್ಮನಿರಲಿಲ್ಲ. "ಅಷ್ಟೂ ಬುದ್ಧಿ ಬೇಡ್ವಾ ಅಪ್ಪಾ? ಚಿಕ್ಕ ಮಕ್ಕಳೂ ಇಂಥದಕ್ಕೆ ಮೋಸ ಹೋಗಲ್ಲ" ಎಂದಿದ್ದಳು. ಅಪ್ಪ ಹೊಲಿಗೆ ಯಂತ್ರ ತುಳಿಯುತ್ತಲೇ ಇದ್ದ. ಅಂದಿನಿಂದ ಯಾವ ಸಂದೇಶ ಬಂದರೂ ಫೋನನ್ನು ಅವಳ ಕೈಗೇ ಕೊಡುತ್ತಿದ್ದ, ತಪ್ಪು ಮಾಡಿದ ಮಗುವಿನ ಹಾಗೆ.

ಸಂಜೆ ಬಹುಮಾನದ ಕಪ್ ಹಿಡಿದು ಅಂಗಡಿಗೆ ಬಂದವಳನ್ನು ಕಂಡು ಅಪ್ಪ ಹಿಗ್ಗಿಹೋದ. "ಏನು ಬರೆದೆ, ಓದು ಕೇಳೋಣ" ಎಂದ. ಗೆದ್ದ ಹುರುಪಿನಲ್ಲಿ ಓದಿಯೇಬಿಟ್ಟಳು. ಆಮೇಲೆ ನಾಲಿಗೆ ಕಚ್ಚಿಕೊಂಡಳು.

ಅಪ್ಪ ಕತ್ತರಿ ಕೆಳಗಿಟ್ಟ.

"ಗೆಲ್ದೆ ಇರುತ್ತಾ ಮಗಳೇ" ಎಂದ. "ನಾಳೆ ಇದೇ ಮತ್ತೆ ಬಂದ್ರೂ ನಾನು ಒತ್ತುತ್ತೀನಿ. ಮೋಸ ಅಂತ ಗೊತ್ತಿದ್ರೂ ಒತ್ತುತ್ತೀನಿ."